ಅಣಿಮಾ ನಂದಿ ಕೊಂಡುಕೊಂಡ ಜಗಲಿ

ಟೆಲಿಫೋನ್ ಕಚೇರಿಯಿಂದ ನಿವೃತ್ತರಾದ ಹೆಂಗಸರಲ್ಲಿ ಕೆಲವರು ಪುರಿಗೋ ಕಾಶಿಗೋ ಹೋಗಿಬಂದರು. ಕೆಲವರು ಸಾಲ್ಟ್ ಲೇಕ್ ಕಡೆ ಗಾಳಿ ಬೆಳಕು ಇರುವ ಫ್ಲಾಟು ಹುಡುಕಿಕೊಂಡರು. ಅಣಿಮಾ ನಂದಿ ಒಂದು ಜಗಲಿ ಕೊಂಡುಕೊಂಡಳು.

ಬರೀ ಜಗಲಿಯನ್ನು ಯಾರೂ ಮಾರುವುದಿಲ್ಲವಾದ್ದರಿಂದ ಅದರ ಹಿಂದಿನ ಎರಡು ಕೋಣೆಗಳನ್ನೂ ಕೊಳ್ಳಬೇಕಾಯಿತು. ಉತ್ತರ ಕಲ್ಕತ್ತೆಯ ನಕುಲ ಸರ್ಕಾರ್ ಗಲ್ಲಿಯ ಏಳನೇ ನಂಬರಿನ ಮನೆ, ನೆಲಮಹಡಿ. ಗೋಡೆಯ ಸುಣ್ಣ ಪದರಪದರವಾಗಿ ಉದುರುತ್ತಿತ್ತು. ಬಿಸಿಲು ಒಳಗೆ ಇಣುಕುತ್ತಿರಲಿಲ್ಲ. ಮಳೆಗಾಲದಲ್ಲಿ ಗಲ್ಲಿಯ ನೀರು ಹೊಸ್ತಿಲು ದಾಟಿ ಬಂದು ಮಂಚದ ಕಾಲು ನೆನೆಸುತ್ತಿತ್ತು. ಅಣ್ಣತಮ್ಮಂದಿರು ಕಿತ್ತಾಡಿ ಮನೆ ಪಾಲು ಮಾಡಿಕೊಂಡಾಗ ಕೆಳಗಿನ ಭಾಗ ಪಾಲಿಗೆ ಬಂದವನು ಅದನ್ನು ಯಾರಿಗಾದರೂ ದಾಟಿಸಿದರೆ ಸಾಕು ಎಂದು ಕಾಯುತ್ತಿದ್ದ.

"ನಿನಗೇನು ತಲೆ ಕೆಟ್ಟಿದೆಯೇನೇ ಅಣು?" ಎಂದು ಜೊತೆಗೆ ದುಡಿದ ಗೆಳತಿಯರು ಕೇಳಿದರು. "ಆ ಗೂಡಲ್ಲಿ ಇರೋದಕ್ಕೆ ಜೀವಮಾನದ ದುಡ್ಡು ಸುರೀತೀಯಾ?"

"ಇರೋದಕ್ಕಲ್ಲ," ಎಂದಳು ಅಣಿಮಾ. 

ಗಲ್ಲಿ ಹಳೆಯದು. ಉಪ್ಪಿನ ದಲ್ಲಾಳಿಯೊಬ್ಬ ತನಗೊಂದು ಮನೆ ಕಟ್ಟಿಸಿ, ಉಳಿದ ಜಾಗವನ್ನು ನೆಂಟರಿಷ್ಟರಿಗೆ ಹಂಚಿ, ಗಲ್ಲಿಗೆ ತನ್ನ ಹೆಸರು ಬಿಟ್ಟುಹೋದ. ಏಳನೇ ನಂಬರಿನ ಮನೆ ಕಟ್ಟಿಸಿದವನು ತುಪ್ಪದ ವ್ಯಾಪಾರಿ. ಒಳಗೆ ಕರೆಯಲಾಗದ ಗಿರಾಕಿಗಳು ಕೂರಲೆಂದು ಮನೆಯ ಮುಂದೆ ಬೀದಿಯುದ್ದಕ್ಕೆ ಜಗಲಿ ಹಾಕಿಸಿದ. ಕೆಂಪು ಗಾರೆ, ಅಂಚಿಗೆ ಕಪ್ಪು ಪಟ್ಟಿ, ಬೇಸಿಗೆಯಲ್ಲೂ ತಣ್ಣಗಿರುವಂಥದ್ದು. ಜಪಾನಿನ ಬಾಂಬು ಬೀಳುತ್ತದೆಂದು ಗಲ್ಲಿಗೆ ಗಲ್ಲಿಯೇ ಖಾಲಿಯಾದ ವರ್ಷ ಅದರ ಮೇಲೆ ಕಾವಲುಗಾರನೊಬ್ಬನೇ ಮಲಗುತ್ತಿದ್ದನಂತೆ. ದೇಶ ಒಡೆದ ವರ್ಷ ಪೂರ್ವದಿಂದ ಓಡಿಬಂದ ಸಂಸಾರವೊಂದು ಪಾತ್ರೆಪಗಡಿಯೊಂದಿಗೆ ಒಂದು ಮಳೆಗಾಲ ಪೂರ್ತಿ ಅಲ್ಲೇ ಬಾಳಿತಂತೆ. ಆಮೇಲೆ ವ್ಯಾಪಾರಿಯ ಮನೆತನ ಇಳಿಮುಖವಾಯಿತು, ಜಗಲಿ ಗಲ್ಲಿಯ ಹುಡುಗರ ವಶವಾಯಿತು.

ಅಂದಿನಿಂದ ಗಲ್ಲಿಯ ನ್ಯಾಯ, ಸುದ್ದಿ, ನಾಟಕ ಎಲ್ಲ ಅಲ್ಲೇ. ಫುಟ್ಬಾಲಿನ ಜಗಳ, ದುರ್ಗಾಪೂಜೆಯ ಚಂದಾ, ಯಾರಿಗೆ ಕೆಲಸ ಸಿಕ್ಕಿತು, ಯಾರ ಮಗಳು ಯಾರಿಗಾಗಿ ಕಿಟಕಿಗೆ ಬಂದಳು ಎಲ್ಲದಕ್ಕೂ ಜಗಲಿಯೇ ಗತಿ. ಹೆಣ್ಣು ನೋಡಲು ಬಂದವರು ಮೊದಲು ಜಗಲಿಯಲ್ಲಿ ವಿಚಾರಿಸಿ ಆಮೇಲೆ ಹುಡುಗಿಯ ಮನೆಯ ಕದ ತಟ್ಟುತ್ತಿದ್ದರು. ಅರ್ಧರಾತ್ರಿಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಡಾಕ್ಟರನ್ನು ಎಳೆತರುವವರೂ, ಹೆಣಕ್ಕೆ ಹೆಗಲು ಕೊಡುವವರೂ ಅದೇ ಹುಡುಗರು. ಅದು ಸುಳ್ಳೆಂದು ಅಣಿಮಾ ಎಂದೂ ಹೇಳಲಿಲ್ಲ. ಆದರೆ ಆ ಜಗಲಿಯ ಮೇಲೆ ಒಬ್ಬ ಹೆಂಗಸೂ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಹೆಂಗಸರಿಗೆ ಜಗಲಿ ಗೊತ್ತಿದ್ದದ್ದು ಹಸಿರು ಕಿಟಕಿಯ ಪಟ್ಟಿಗಳ ಹಿಂದಿನಿಂದ, ದನಿಗಳ ಮೂಲಕ. ಇಲ್ಲವೇ ತಲೆ ಬಗ್ಗಿಸಿ ಅದರ ಮುಂದೆ ಹಾದುಹೋಗುವಾಗ.

ಅಣಿಮಾಳ ತಂದೆ ಅಬಿನಾಶ್ ನಂದಿ ಹೋಮಿಯೋಪತಿ ಔಷಧದಂಗಡಿಯಲ್ಲಿ ಕಂಪೌಂಡರ್. ಗಲ್ಲಿಯ ಕೊನೆಯ ಹನ್ನೊಂದನೇ ನಂಬರಿನಲ್ಲಿ ಬಾಡಿಗೆಗಿದ್ದರು. ಮಾತು ಕಡಿಮೆ, ಕೊಡೆ ಬಿಟ್ಟು ಹೊರಗೆ ಹೋಗದ ಮನುಷ್ಯ. ಟ್ರಾಮಿನ ರಸ್ತೆಗೆ ಹೋಗಬೇಕಾದರೆ ಜಗಲಿ ದಾಟಿಯೇ ಹೋಗಬೇಕು. ಇಪ್ಪತ್ತೆರಡನೇ ವಯಸ್ಸಿಗೆ ಅಣಿಮಾಳಿಗೆ ಟೆಲಿಫೋನ್ ಆಪರೇಟರ್ ಕೆಲಸ ಸಿಕ್ಕಿತು. ಮೊದಲ ದಿನವೇ ಜಗಲಿಯಿಂದ ಮೂಗಿನಲ್ಲಿ ಎಳೆದ ದನಿಯೊಂದು ಬಂತು: "ನಂಬರ್ ಪ್ಲೀಸ್!"

ಆ ದನಿ ಘೋತನ್‌ನದು. ನಿಶೀಥ ಶೀಲ್ ಎಂಬ ಹೆಸರು ಶಾಲೆಯ ದಾಖಲೆಯಲ್ಲಿ ಮಾತ್ರ, ಗಲ್ಲಿಗೆಲ್ಲ ಅವನು ಘೋತನ್, ಚಿಕ್ಕವರಿಗೆ ಘೋತನ್‌ದಾ, ಅಂದರೆ ಘೋತನಣ್ಣ. ಪುಸ್ತಕಕ್ಕೆ ರಟ್ಟು ಹಾಕುವ ಅಂಗಡಿ ಅಪ್ಪನದಿತ್ತು, ಮಗನಿಗೆ ಹೊತ್ತು ಬೇಕಾದಷ್ಟಿತ್ತು. ಯಾರ ದನಿಯನ್ನಾದರೂ ಅಣಕಿಸಬಲ್ಲ, ಯಾರ ನಡಿಗೆಯನ್ನಾದರೂ ನಡೆದು ತೋರಿಸಬಲ್ಲ. ಅವನಿಟ್ಟ ಅಡ್ಡಹೆಸರು ಸತ್ತರೂ ಬಿಡುತ್ತಿರಲಿಲ್ಲ. ಒಂದು ವಾರದಲ್ಲಿ ಅಣಿಮಾ "ನಂಬರ್" ಆದಳು. ಮೀನು ಮಾರುವವನೂ ಒಂದು ದಿನ ಬಾಯಿತಪ್ಪಿ "ನಂಬರ್ ದಿದಿ" ಎಂದು ನಾಲಿಗೆ ಕಚ್ಚಿಕೊಂಡ.

ಅಷ್ಟಕ್ಕೇ ನಿಂತಿದ್ದರೆ ಅವಳು ಮರೆಯುತ್ತಿದ್ದಳೋ ಏನೋ. ರಾತ್ರಿ ಪಾಳಿಯ ಹೆಂಗಸರನ್ನು ಕಚೇರಿಯ ವ್ಯಾನು ಮನೆಗಳಿಗೆ ಬಿಡುತ್ತಿತ್ತು. ಒಳಗೆ ಇನ್ನೂ ನಾಲ್ಕು ಜನ ತೂಕಡಿಸುತ್ತಿರುತ್ತಿದ್ದರು. ಗಲ್ಲಿಯೊಳಗೆ ವ್ಯಾನು ತಿರುಗದು. ಅವಳು ಗಲ್ಲಿಯ ಬಾಯಲ್ಲೇ ಇಳಿದು ನಡೆದು ಬರುತ್ತಿದ್ದಳು. ಜಗಲಿಗೆ ಕಾಣುತ್ತಿದ್ದದ್ದು ಎರಡು ದೀಪ, ಕದ ಬಡಿದ ಸದ್ದು, ಒಬ್ಬಳು ಹುಡುಗಿ.

ಆ ಚಳಿಗಾಲ ಕೃಷ್ಣನಗರದ ಸಂಬಂಧವೊಂದು ಕೂಡಿಬಂದಿತ್ತು. ವರ ಶಾಲೆಯ ಮೇಷ್ಟ್ರು. ಅವನ ಸೋದರಮಾವ ಮದುವೆ ದಲ್ಲಾಳಿಯ ಜೊತೆ ಬಂದು, ಪದ್ಧತಿಯಂತೆ ಜಗಲಿಯ ಮುಂದೆ ನಿಂತ. ಅಲ್ಲಿ ನಡೆದ ಮಾತನ್ನು ದಲ್ಲಾಳಿ ಆಮೇಲೆ ಅಣಿಮಾಳ ತಾಯಿಗೆ ಒಂದಕ್ಷರ ಬಿಡದೆ ಒಪ್ಪಿಸಿದ.

"ನಂದಿಯವರ ಹುಡುಗಿ ಹೇಗಪ್ಪಾ?" ಎಂದು ಕೇಳಿದ್ದ ಸೋದರಮಾವ.

"ಬಂಗಾರದಂಥ ಹುಡುಗಿ, ಮೇಶೋ," ಎಂದಿದ್ದ ಘೋತನ್. "ದುಡಿಯೋ ಹುಡುಗಿ. ಪಾಪ, ಮನೆ ಸೇರೋದು ಎಷ್ಟೊತ್ತಾಗುತ್ತೋ ಏನೋ. ಆದ್ರೆ ಕಾರು ಬಂದು ಬಿಟ್ಟು ಹೋಗುತ್ತೆ, ಆ ಚಿಂತೆ ಬೇಡ."

"ಕಾರಾ? ಯಾರ ಕಾರು?"

"ನಾವು ಅದನ್ನೆಲ್ಲ ಕೇಳೋಕ್ಕೆ ಹೋಗಲ್ಲ. ಏನೋ ಬಿಶು, ನೀನೇನಾದ್ರೂ ಕೇಳಿದೀಯಾ?"

"ನಾನಾ?" ಎಂದಿದ್ದ ಪಕ್ಕದಲ್ಲಿದ್ದ ಬಿಶು. "ದೊಡ್ಡೋರ ಕಾರಿನ ವಿಷಯ ನನಗ್ಯಾಕಪ್ಪಾ!"

ಜಗಲಿ ನಕ್ಕಿತು. ಸೋದರಮಾವ ಹನ್ನೊಂದನೇ ನಂಬರಿನವರೆಗೆ ಬರಲೇ ಇಲ್ಲ. ಅಣಿಮಾಳ ತಾಯಿ ಕರಿದಿಟ್ಟ ನಿಮ್ಕಿ ಡಬ್ಬಿಯಲ್ಲೇ ಮೆತ್ತಗಾಯಿತು.

ಅಬಿನಾಶ್ ಬಾಬು ಅಂದು ಸಂಜೆ ಕೊಡೆ ಹಿಡಿದು ತಾವೇ ಜಗಲಿಯ ಮುಂದೆ ಹೋಗಿ ನಿಂತರು. ಜೀವನದಲ್ಲಿ ಯಾರನ್ನೂ ಗದರಿಸಿದವರಲ್ಲ. ಏನು ಹೇಳಬೇಕೆಂದು ಹೊಂದಿಸಿಕೊಳ್ಳುವಷ್ಟರಲ್ಲಿ ಘೋತನ್ ಎದ್ದು, ಟವೆಲಿನಿಂದ ಗಾರೆ ಒರೆಸಿ, ಬಹಳ ಮರ್ಯಾದೆಯಿಂದ, "ಬನ್ನಿ ಮೇಶೋ, ಕೂತ್ಕೊಳ್ಳಿ. ನಂಬರ್ ಅವರು ಆರೋಗ್ಯವಾ?" ಎಂದ. ಹತ್ತು ಬಾಯಿ ಒಟ್ಟಿಗೆ ನಕ್ಕವು. ಅವರು ಹಾಗೇ ಹಿಂದಿರುಗಿದರು.

ಮಾರನೆಯ ದಿನದಿಂದ ಅವರು ಗಲ್ಲಿಯಲ್ಲಿ ನಡೆಯುವುದನ್ನೇ ಬಿಟ್ಟರು. ಮನೆಗಳ ಹಿಂಬದಿಗೆ, ಹಿಂದೆ ಮಲ ಹೊರುವವರು ಓಡಾಡಲೆಂದು ಬಿಟ್ಟಿದ್ದ ಒಂದು ಸಂದಿಯಿತ್ತು. ಎರಡೂ ಕಡೆ ಮೋರಿ, ಕೋಳಿಯ ಪುಕ್ಕ, ಬಚ್ಚಲ ನೀರು. ಅಬಿನಾಶ್ ನಂದಿ ಪಂಚೆ ಎತ್ತಿ ಹಿಡಿದು ಆ ಸಂದಿಯಲ್ಲೇ ಅಂಗಡಿಗೆ ಹೋದರು, ಆ ಸಂದಿಯಲ್ಲೇ ಮೀನು ತಂದರು. ಹಬ್ಬದ ದಿನ ಹೊಸ ಬಟ್ಟೆ ಉಟ್ಟೂ ಆ ಸಂದಿಯಲ್ಲೇ ನಡೆದರು. "ನಾನು ದಿನಾ ಅವರ ಮುಂದೇನೇ ಹೋಗ್ತೀನಲ್ಲ ಬಾಬಾ, ನೀವ್ಯಾಕೆ?" ಎಂದು ಮಗಳು ಒಮ್ಮೆ ಕೇಳಿದಳು. "ನೀನು ಗಟ್ಟಿ ಇದೀಯಮ್ಮ," ಎಂದರು ಅವರು. ಏಳೆಂಟು ವರ್ಷ ಹೀಗೇ ನಡೆಯಿತು. ಒಂದು ಶ್ರಾವಣದಲ್ಲಿ ಮೋರಿ ಯಾವುದು, ನೆಲ ಯಾವುದು ತಿಳಿಯದಂತೆ ನೀರು ನಿಂತಾಗ ಜಾರಿ ಬಿದ್ದರು. ಸೊಂಟ ಮುರಿಯಿತು. ಪೂಜೆಯ ಡೋಲು ಕೇಳುವ ಹೊತ್ತಿಗೆ ತೀರಿಕೊಂಡರು. ಅವರ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಘೋತನ್ ಎಲ್ಲರಿಗಿಂತ ಮುಂದಿದ್ದ.

ಆ ಹೆಗಲನ್ನು ಅಣಿಮಾ ನೋಡುತ್ತ ನಿಂತಿದ್ದಳು. ಅವಳ ಅಳು ಅಲ್ಲಿಗೇ ನಿಂತಿತು.

ಆಮೇಲೂ ಎರಡು ಮೂರು ಸಂಬಂಧ ಬಂದು, ಜಗಲಿಯವರೆಗೆ ಬಂದು, ಹೋದವು. ತಾಯಿ "ದಮ್‌ದಮ್ ಕಡೆ ಎಲ್ಲಾದ್ರೂ ಮನೆ ಮಾಡೋಣ ಬಾರೇ" ಎಂದು ಗೋಗರೆದಳು. ಅಣಿಮಾ ಕದಲಲಿಲ್ಲ. ತಾಯಿ ಸತ್ತಮೇಲೂ ಕದಲಲಿಲ್ಲ. ಕೆಲಸದಲ್ಲಿ ಬಡ್ತಿ ಬಂತು, ತಲೆ ನರೆಯಿತು, ದಿನಕ್ಕೆರಡು ಸಲ ಜಗಲಿ ದಾಟಿದಳು. ಜಗಲಿಯ ಹುಡುಗರೂ ಬೋಳುತಲೆಯವರಾದರು, ಸಕ್ಕರೆ ಕಾಯಿಲೆಯವರಾದರು, ಸೊಸೆಯಂದಿರ ಬಾಯಿಗೆ ಹೆದರಿ ಹೊತ್ತಿಗೆ ಮುಂಚೆ ಬಂದು ಕೂರುವವರಾದರು. "ನಂಬರ್" ಎಂಬುದನ್ನು ಅವರು ಯಾವಾಗ ಬಿಟ್ಟರೋ ಅವರಿಗೇ ತಿಳಿಯದು. ಈಗವಳು ಚಿಕ್ಕವರಿಗೆಲ್ಲ ಅಣುದಿ, ಅಣು ಅಕ್ಕ.

ಮನೆ ಹೆಸರಿಗಾಗಿ, ಹನ್ನೊಂದನೇ ನಂಬರಿನಿಂದ ಅವಳು ಅಲ್ಲಿಗೆ ಬಂದ ದಿನ ಘೋತನ್ ಕೈಮುಗಿದು ಬಂದ. "ಅಣಿಮಾ, ನಾವು ಮುದುಕರು ಸಂಜೆ ಎರಡು ಗಳಿಗೆ ಕೂರೋದು..."

"ಕೂತ್ಕೊಳ್ಳಿ ಘೋತನ್‌ದಾ. ನಾನೇನು ಬೇಡ ಅಂದ್ನಾ?"

ದಿನಾ ಬೆಳಗ್ಗೆ ಅವಳೇ ಜಗಲಿ ಗುಡಿಸಿ, ನೀರು ಹಾಕಿ ಒರೆಸಿದಳು. ಅವರು ಹಾಯಾಗಿ ಇರಬೇಕಿತ್ತು. ನೆಮ್ಮದಿಯಿಂದ ಕೂತವರ ಕೆಳಗಿಂದಲೇ ಜಗಲಿಯನ್ನು ಎಳೆಯಬೇಕೆಂಬುದು ಅವಳ ಆಸೆ. ಸಂಜೆ ದೀಪ ಹಚ್ಚದೆ ಕಿಟಕಿಯ ಪಟ್ಟಿಯ ಹಿಂದೆ ಕೂತು ಕೇಳುತ್ತಿದ್ದಳು. ಯಾರಾದರೂ ಒಮ್ಮೆ ತನ್ನ ತಂದೆಯ ಹೆಸರೆತ್ತುತ್ತಾರೇನೋ ಎಂದು ಎರಡು ವರ್ಷ ಕೇಳಿದಳು. ಒಂದೇ ಒಂದು ಸಲ ಎತ್ತಿದರು.

"ಆ ಕಂಪೌಂಡರ್ ನಂದಿ ಇದ್ನಲ್ಲ," ಎಂದ ಬಿಶು, "ನಮ್ಮ ಮುಂದೆ ಒಂದಿನಾನೂ ಹಾದುಹೋಗ್ಲಿಲ್ಲ ಕಣೋ. ಹೇಲಿನ ಸಂದೀಲಿ ಓಡಾಡ್ತಿದ್ದ. ಯಾಕಿರಬಹುದು?"

"ಜಂಬ," ಎಂದ ಘೋತನ್. "ಗುಳಿಗೆ ಕಟ್ಟೋನಿಗೂ ಜಂಬ."

ಅಣಿಮಾ ಕತ್ತಲಲ್ಲಿ ಕೂತೇ ಇದ್ದಳು. ಇವರು ಮಾಡಿದ್ದು ಇವರಿಗೆ ಗೊತ್ತೇ ಇಲ್ಲ. ಇಷ್ಟು ವರ್ಷ ತಾನು ಶತ್ರುಗಳೆಂದು ಹೊತ್ತು ತಿರುಗಿದವರಿಗೆ ತಾನು ಶತ್ರುವೆಂಬುದೇ ತಿಳಿದಿಲ್ಲ. ಅದಕ್ಕಿಂತ ದೊಡ್ಡ ಅವಮಾನ ಅವಳಿಗೆ ಬೇರೆ ಆಗಿರಲಿಲ್ಲ.

ಮರುವರ್ಷ ಒಂದು ಪತ್ರಿಕೆಯ ಭಾನುವಾರದ ಪುಟದಲ್ಲಿ ಘೋತನ್‌ನ ಬರಹ ಬಂತು, ಜಗಲಿಯ ಮೇಲೆ ಕೂತ ಅವನ ಚಿತ್ರದ ಸಮೇತ. ಹಳೆಯ ಪಾಡಾಗಳು, ಅಂದರೆ ಕೇರಿಗಳು, ಮಾಯವಾಗುತ್ತಿವೆ, ಫ್ಲಾಟಿನ ಮಕ್ಕಳಿಗೆ ಪಕ್ಕದ ಮನೆಯವರ ಮುಖ ಗೊತ್ತಿಲ್ಲ ಎಂದೆಲ್ಲ ಬರೆದು, "ಈ ಜಗಲಿ ಇದ್ದಷ್ಟು ದಿನ ನಮ್ಮ ಗಲ್ಲಿಯ ಹೆಣ್ಣುಮಕ್ಕಳು ಎಷ್ಟು ಹೊತ್ತಿಗೆ ಬೇಕಾದರೂ ನಿರ್ಭಯವಾಗಿ ಮನೆಗೆ ಬಂದರು, ಅವರೆಲ್ಲ ನಮ್ಮ ತಂಗಿಯರು" ಎಂದು ಮುಗಿಸಿದ್ದ. ಗಲ್ಲಿ ಹೆಮ್ಮೆಯಿಂದ ಬೀಗಿತು. ಗಲ್ಲಿಯ ಕ್ಲಬ್ಬಿನವರು ಸಭೆ ಸೇರಿ, ಬಂಗಾಳಿ ಹೊಸ ವರ್ಷದ ಬೆಳಗ್ಗೆ ಜಗಲಿಗೆ ಅಮೃತಶಿಲೆಯ ಫಲಕ ಹಾಕಿಸುವುದೆಂದು ನಿಶ್ಚಯಿಸಿದರು. ಒಪ್ಪಿಗೆ ಕೇಳಲು ಬಂದಾಗ ಅಣಿಮಾ ಎಲ್ಲರಿಗೂ ಸಂದೇಶ್ ಮಿಠಾಯಿ ಕೊಟ್ಟು, "ಆಗ್ಲಿ, ಚೆನ್ನಾಗೇ ಮಾಡಿ" ಎಂದಳು.

ಹೊಸ ವರ್ಷದ ಹಿಂದಿನ ದಿನ. ಮಧ್ಯಾಹ್ನ ಅನ್ನ ಮೀನು ಉಂಡು ಇಡೀ ಗಲ್ಲಿ ಫ್ಯಾನಿನ ಕೆಳಗೆ ಗೊರಕೆ ಹೊಡೆಯುತ್ತಿತ್ತು. ಗಾರೆಕೆಲಸದ ಎಕ್ರಾಮುಲ್ ಮಿಸ್ತ್ರಿ ಇಬ್ಬರು ಆಳುಗಳನ್ನು ಕರೆದುಕೊಂಡು ಬಂದ. ಅಣಿಮಾ ಒಳಗಿನಿಂದ ಬೆತ್ತದ ಕುರ್ಚಿ ತಂದು ಎದುರುಗೋಡೆಯ ನೆರಳಿನಲ್ಲಿ ಹಾಕಿಕೊಂಡು ಕೂತಳು.

"ಎಲ್ಲಿಂದ ಶುರು ಮಾಡ್ಲಿ ಮಾಶಿಮಾ?"

"ಆ ಮೂಲೆಯಿಂದ. ಗಾರೆ ನುಣ್ಣಗಾಗಿದೆಯಲ್ಲ, ಅಲ್ಲಿಂದ." ಅದು ಘೋತನ್ ಕೂರುವ ಜಾಗ.

ಮೊದಲ ಏಟಿಗೆ ಕಾಗೆಗಳು ಎದ್ದವು. ನಾಲ್ಕನೇ ಏಟಿಗೆ ಕಿಟಕಿಗಳು ತೆರೆದವು. ಬನಿಯನ್ನು, ಲುಂಗಿ, ನಿದ್ದೆಗಣ್ಣಿನ ಮುದುಕರು ಒಬ್ಬೊಬ್ಬರಾಗಿ ಓಡಿಬಂದರು. ಘೋತನ್ ಬಂದಾಗ ಅವನ ಮೂಲೆ ಇಟ್ಟಿಗೆಯ ರಾಶಿಯಾಗಿತ್ತು.

"ನಿಲ್ಸೋ! ಏ ಮಿಸ್ತ್ರಿ, ನಿಲ್ಸು!" ಎಂದು ಕಿರುಚಿದ. "ಅಣಿಮಾ, ಇದೇನು ಮಾಡಿಸ್ತಾ ಇದೀಯ?"

"ಜಗಲಿ ಒಡೆಸ್ತಿದೀನಿ. ನೀನು ಹೊಡಿಯಪ್ಪ ಎಕ್ರಾಮುಲ್."

"ಇದು ಪಾಡಾದ ಆಸ್ತಿ! ಪಾಡಾದ ಇತಿಹಾಸ!"

"ನನ್ನ ಹೆಸರಲ್ಲಿದೆ. ಇತಿಹಾಸ ಬೇಕಾ? ಹೇಳ್ತೀನಿ, ಕೇಳು ಘೋತನ್." 'ದಾ' ಬಿದ್ದುಹೋದದ್ದು ಎಲ್ಲರ ಕಿವಿಗೂ ತಾಗಿತು. ಅವಳು ಕುರ್ಚಿಯಿಂದ ಏಳಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಕೃಷ್ಣನಗರದಿಂದ ನನ್ನ ನೋಡೋಕೆ ಬಂದೋರಿಗೆ ಇದೇ ಮೂಲೇಲಿ ಕೂತು ಏನು ಹೇಳಿದ್ದೆ? ಕಾರು ಬಂದು ಬಿಟ್ಟು ಹೋಗುತ್ತೆ, ಯಾರದ್ದು ಅಂತ ಕೇಳಲ್ಲ ಅಂದ್ಯಲ್ಲ? ಕೇಳೋಕೆ ಬಂದ ನನ್ನಪ್ಪನಿಗೆ ಟವೆಲಲ್ಲಿ ಜಗಲಿ ಒರೆಸಿಕೊಟ್ಟೆಯಲ್ಲ? ಆ ಮನುಷ್ಯ ಜಂಬಕ್ಕೆ ಹೇಲಿನ ಸಂದೀಲಿ ನಡೀಲಿಲ್ಲ. ನಿನ್ನ ನಗುವಿಗೆ ಹೆದರಿ ನಡೆದ. ಅಲ್ಲೇ ಬಿದ್ದ. ಅಲ್ಲೇ ಬಿದ್ದೇ ಸತ್ತ."

ಘೋತನ್ ಲುಂಗಿಯ ಗಂಟು ಬಿಗಿಮಾಡಿಕೊಂಡ. "ಯಾವ ಕಾಲದ ಮಾತು... ನನಗೆ ನೆನಪೇ ಇಲ್ಲ. ಹುಡುಗುತನದ ತಮಾಷೆ ಇದ್ದೀತು."

"ನಿನಗೆ ನೆನಪಿಲ್ಲ ಅಂತ ನನಗೆ ಗೊತ್ತು. ಅದಕ್ಕೇ ಒಡೆಸ್ತಿರೋದು. ಇನ್ನು ಮರೆಯಲ್ಲ ನೀನು."

ಅವನು ಸುತ್ತ ನೋಡಿದ. ಬಿಶು ತನ್ನ ಚಪ್ಪಲಿ ನೋಡುತ್ತಿದ್ದ. ಘೋತನ್ ತಲೆ ಎತ್ತಿ, ಎದುರು ಮನೆಯ ಮೇಲ್ಮಹಡಿಯ ಬಾಲ್ಕನಿಯಲ್ಲಿ ನಿಂತಿದ್ದ ಹೆಂಡತಿಯನ್ನು ಕರೆದ. "ಬುಲಾ, ನೀನಾದ್ರೂ ಇವಳಿಗೆ ಹೇಳು!"

ಬುಲಾ ಮದುವೆಗೆ ಮೊದಲು ಪಕ್ಕದ ಗಲ್ಲಿಯ ಹುಡುಗಿ, ಶಾಲೆಗೆ ಇದೇ ದಾರಿಯಲ್ಲಿ ಹೋಗುತ್ತಿದ್ದವಳು. ಕಪ್ಪು ಬಣ್ಣ, ದಪ್ಪ ಮೈ. ಅವಳು ಕಟಕಟೆಗೆ ಎರಡೂ ಕೈಯೂರಿ ಬಗ್ಗಿದಳು.

"ಏನು ಹೇಳ್ಲಿ? ನೀವೆಲ್ಲ ಸೇರಿ ನನ್ನನ್ನ ಏನಂತ ಕೂಗ್ತಿದ್ರಿ ಅಂತ ಹೇಳ್ಲಾ? ಇದ್ದಿಲ ಲಾರಿ. ಹಾರನ್ ಸದ್ದು ಬೇರೆ ಮಾಡ್ತಿದ್ರಿ. ಮದುವೆಯಾದ ಮೇಲೆ ಮೈದುನನ ಸಲಿಗೇಲಿ ಬಿಶು ಠಾಕುರ್‌ಪೋ ನನಗೆ ನಮಸ್ಕಾರ ಮಾಡುವಾಗ್ಲೂ ಬಾಯಲ್ಲಿ ಹಾರನ್ ಇತ್ತು."

ಮೇಲಿನ ಕಿಟಕಿಯೊಂದರಲ್ಲಿ ಯಾವಳೋ ಕಿಸಕ್ಕನೆ ನಕ್ಕಳು. ಬುಲಾ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ, ತರಕಾರಿಯವನಿಗೆ ಇಳಿಬಿಡುವ ಅದೇ ಬುಟ್ಟಿ, ಓಲಾಡುತ್ತ ಕೆಳಗಿಳಿಯಿತು. ಅದರೊಳಗೆ ಚಹಾದ ಕೆಟಲು, ಮೂರು ಗ್ಲಾಸು.

"ಮಿಸ್ತ್ರಿ, ಚಹಾ ಕುಡಿದು ಹೊಡೀರಿ!" ಎಂದಿತು ಮೇಲಿನ ದನಿ.

ಸಂಜೆಯ ಶಂಖ ಊದುವ ಹೊತ್ತಿಗೆ ಜಗಲಿ ಇರಲಿಲ್ಲ. ಮಣ್ಣು ತುಂಬಿದ ಕೈಗಾಡಿ ಕೊನೆಯ ಸಲ ಹೋದಮೇಲೆ ಅಣಿಮಾ ಆ ಬರಿ ಜಾಗದಲ್ಲಿ ನೀರು ಚಿಮುಕಿಸಿ, ಒಳಗೆ ಹೋಗಿ, ಹೊಟ್ಟೆ ತುಂಬ ಉಂಡಳು. ಅಂಥ ರುಚಿಯಾದ ಊಟ ಅವಳು ಬಹಳ ವರ್ಷಗಳಿಂದ ಉಂಡಿರಲಿಲ್ಲ.

ಹೊಸ ವರ್ಷದ ಸಮಾರಂಭ ನಡೆಯಲಿಲ್ಲ. ಕೆತ್ತಿಸಿದ ಫಲಕದ ಮೇಲೆ ಈಗ ಕ್ಲಬ್ಬಿನವರು ಗ್ಯಾಸ್ ಒಲೆ ಇಟ್ಟಿದ್ದಾರೆ. ಮುದುಕರು ಕೆಲವು ದಿನ ಗೋಡೆಗೊರಗಿ ನಿಂತು ನೋಡಿದರು. ನಿಂತು ಹರಟೆ ಹೊಡೆಯುವುದು ಮಂಡಿ ಸವೆದವರ ಕೆಲಸವಲ್ಲ. ಟ್ರಾಮ್ ರಸ್ತೆಯ ಚಹಾದಂಗಡಿಯ ಬೆಂಚಿಗೆ ಹೋದರೆ ಅಲ್ಲಿ ಆಗಲೇ ಬೇರೆಯವರಿದ್ದರು. ಇವರ ಹಳೆಯ ಜೋಕಿಗೆ ಅವರು ನಗಲಿಲ್ಲ. ಬಿಶು ಮನೆಯಲ್ಲೇ ಟೀವಿ ಮುಂದೆ ಕೂತುಬಿಟ್ಟ. ಘೋತನ್‌ನನ್ನು ಕಂಡರೆ ಗಲ್ಲಿಯ ಕಾಲೇಜು ಹುಡುಗಿಯರು ಮೊಬೈಲಿನಿಂದ ತಲೆಯೆತ್ತಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮೂಗಿನಲ್ಲಿ ಮೆಲ್ಲಗೆ "ನಂಬರ್ ಪ್ಲೀಸ್" ಎನ್ನತೊಡಗಿದರು. ಅವರಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ಅಣಿಮಾ ತಡೆಯಲೂ ಇಲ್ಲ.

ಎರಡು ವರ್ಷ ಕಳೆದು ಘೋತನ್‌ಗೆ ಪಾರ್ಶ್ವವಾಯು ಹೊಡೆಯಿತು. ಕೋಲು ಹಿಡಿದು ಹತ್ತು ಹೆಜ್ಜೆ ನಡೆಯುವಂತಾದಾಗ ಅವನ ಮಗ ಬಂದು ಬಾಗಿಲಲ್ಲಿ ನಿಂತ. "ಪಿಶಿ, ಡಾಕ್ಟರು ದಿನಾ ನಡೆಸಿ ಅಂದಿದಾರೆ. ಬಾಬಾಗೆ ಮಧ್ಯೆ ಕೂರೋಕೆ ಇಲ್ಲೊಂದು ಸಣ್ಣ ಬೆಂಚು ಹಾಕ್ಲಾ? ಮರದ್ದು. ನಿಮಗೇನೂ ತೊಂದರೆ ಆಗಲ್ಲ."

"ಬೇಡಪ್ಪ."

"ಪಿಶಿ, ಇಷ್ಟು ವರ್ಷದ ಮೇಲೂ..."

"ನೀನು ಒಳ್ಳೆ ಹುಡುಗ. ನಿನ್ನ ಮೇಲೆ ನನಗೇನೂ ಇಲ್ಲ. ಒಳಗೆ ಬಂದು ಕೂತ್ಕೊ, ಚಹಾ ಕುಡಿ. ಬೆಂಚು ಮಾತ್ರ ಬೇಡ."

ಗಲ್ಲಿ ಅವಳನ್ನು ಕಲ್ಲೆದೆಯವಳೆಂದಿತು. ಎದುರಿಗೇ ಅಂದವರೂ ಇದ್ದರು. ಕೋಲಿನ ಟಕ್ ಟಕ್ ಕಿಟಕಿಯ ಹೊರಗೆ ಬಂದು, ನಿಂತು, ಏದುಸಿರು ಬಿಟ್ಟು, ಮತ್ತೆ ಮುಂದಕ್ಕೆ ಹೋಗುವುದನ್ನು ಒಳಗಿನಿಂದ ಕೇಳಿಸಿಕೊಂಡಳು. ಒಮ್ಮೊಮ್ಮೆ ಎದ್ದು ಬಾಗಿಲ ಹಿಡಿಯವರೆಗೆ ಕೈ ಹೋದದ್ದುಂಟು. ತೆರೆಯಲಿಲ್ಲ.

ಅವನು ಸತ್ತಾಗ ಹೆಣದ ಚಟ್ಟವನ್ನು ಜಗಲಿಯಿದ್ದ ಜಾಗದಲ್ಲಿ ಒಂದು ನಿಮಿಷ ಇಳಿಸಬೇಕೆಂದು ಕ್ಲಬ್ಬಿನವರು ಆಸೆಪಟ್ಟರು. ಅಣಿಮಾ ಬಾಗಿಲು ತೆರೆದು ಹೊಸ್ತಿಲ ಮೇಲೆ ನಿಂತಳು. ಕೈ ಮುಗಿಯಲಿಲ್ಲ. ಹೊತ್ತವರು ಅವಳ ಮುಖ ನೋಡಿ, ಹೆಗಲು ಬದಲಿಸಿಕೊಂಡು, ಹಾಗೇ ನಡೆದರು.

ಶ್ರಾದ್ಧ ಮುಗಿದ ಮಾರನೆಯ ಸಂಜೆ ಬುಲಾ ಬಂದಳು. ಬಿಳಿ ಸೀರೆ, ಕೈಯಲ್ಲಿ ಸ್ಟೀಲಿನ ಡಬ್ಬಿ. ಇಷ್ಟು ವರ್ಷ ಎದುರುಬದುರಿದ್ದರೂ ಅವಳು ಆ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು.

"ಶ್ರಾದ್ಧದ ಮಿಠಾಯಿ ನಾನು ತಿನ್ನಲ್ಲ ಬೌದಿ," ಎಂದಳು ಅಣಿಮಾ.

"ಗೊತ್ತು. ಮಂಡಕ್ಕಿ ತಂದಿದೀನಿ." ಬುಲಾ ಮಂಚದ ಮೇಲೆ ಕಾಲು ಮಡಚಿ ಕೂತು, ಡಬ್ಬಿಯ ಮುಚ್ಚಳ ತೆಗೆದಳು. ಸಾಸಿವೆ ಎಣ್ಣೆಯ ಘಾಟು ಕೋಣೆ ತುಂಬಿತು. ಇಬ್ಬರೂ ಒಂದೊಂದು ಮುಷ್ಟಿ ಬಾಯಿಗೆ ಹಾಕಿಕೊಂಡರು. ಹೊರಗೆ ಯಾರೋ ಸೈಕಲ್ ಬೆಲ್ ಬಾರಿಸುತ್ತ ಹೋದರು.

"ಸಿಟ್ಟು ಹೋಯ್ತಾ ಅಣು?"

ಅಣಿಮಾ ಯೋಚಿಸಿ ನೋಡಿದಳು. "ಇಲ್ಲ."

"ನನಗೂ ಇಲ್ಲ," ಎಂದಳು ಬುಲಾ. ಕಣ್ಣು ಒರೆಸಿಕೊಂಡಳು. ಅದು ಎಣ್ಣೆಯ ಘಾಟಿಗೋ ಬೇರೆ ಯಾತಕ್ಕೋ ಅವಳೇ ಬಲ್ಲಳು. "ಹಸಿಮೆಣಸಿನಕಾಯಿ ಇದೆಯೇನೇ ಮನೇಲಿ? ಸಪ್ಪೆ ಅನ್ನಿಸ್ತಿದೆ."

ಅಣಿಮಾ ಮೆಣಸಿನಕಾಯಿ ತರಲು ಎದ್ದಳು.